ಸಂಚಾರಿ ಬೋಧಕ ಹರ್ಮನ್ ಮೊಗ್ಲಿಂಗ್

ಪ್ರತಿವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನವನ್ನು ಆಚರಿಸುವಾಗ ಹರ್ಮನ್ ಮೊಗ್ಲಿಂಗರನ್ನು ಸ್ಮರಿಸುವುದು ವಾಡಿಕೆಯಾಗಿದೆ. ಪತ್ರಿಕೋದ್ಯಮದವರು ಅವರನ್ನು 'ಮಂಗಳೂರ ಸಮಾಚಾರ'ದ ಸಂಪಾದಕರೆಂದು ಬಲ್ಲರು. ಸಾಹಿತ್ಯದ ವಿದ್ಯಾರ್ಥಿಗಳು 'ಬಿಬ್ಲಿಯೋಥೆಕಾ ಕರ್ನಾಟಿಕಾ' ಗ್ರಂಥಮಾಲೆಯ ಸಂಪಾದಕರೆಂದು ಬಲ್ಲರು. ಆದರೆ ಈ ಎರಡು ಕೆಲಸಗಳಲ್ಲಿ ಯಾವುದೊಂದಕ್ಕಾಗಿಯೂ ಅವರು ಸಮುದ್ರ ದಾಟಿ ಬಂದವರಲ್ಲ. ಸಂತೆ, ಜಾತ್ರೆ, ಚಾವಡಿಗಳಲ್ಲಿ ನಿಂತು ಕ್ರಿಸ್ತನ ಸುವಾರ್ತೆಯನ್ನು ಸಾರುವುದು ಅವರು ಕೈಕೊಂಡಿದ್ದ ವ್ರತ. ನಮ್ಮ ಸಾಹಿತ್ಯಚರಿತ್ರೆಗಳು ಅವರ ಪುಸ್ತಕಗಳನ್ನು ಇಟ್ಟುಕೊಂಡು ಅವರ ನಡಿಗೆಯನ್ನು ಬಿಟ್ಟುಬಿಟ್ಟಿವೆ. ಹಾಗೆ ಬಿಡುವುದು ನಮಗೆ ಅನುಕೂಲವೂ ಹೌದು. ಏಕೆಂದರೆ ಮತಪ್ರಚಾರಕನನ್ನು ಪಕ್ಕಕ್ಕೆ ಸರಿಸಿದರೆ ಉಳಿಯುವ ಪಂಡಿತನಿಗೆ ಕೃತಜ್ಞತೆ ಸಲ್ಲಿಸುವುದು ಸುಲಭವಾಗುತ್ತದೆ. ಈ ಲೇಖನದಲ್ಲಿ ಆ ಇಬ್ಬರನ್ನೂ ಬೇರ್ಪಡಿಸದೆ ನೋಡುವ ಪ್ರಯತ್ನವಿದೆ.

ಮೊಗ್ಲಿಂಗರು ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ಓದಿದರು. ಊರಿನಲ್ಲೇ ಪಾದ್ರಿಯಾಗಿ, ಗೌರವಸ್ಥ ಗೃಹಸ್ಥರಾಗಿ ಬಾಳುವ ಅವಕಾಶ ಅವರಿಗಿತ್ತು. ಅದನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನನ್ನು ಸೇರಿದರು. 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಭಾರತದ ಬಾಗಿಲು ತೆರೆದದ್ದು 1833ರ ಸನದು ಕಾಯಿದೆಯಿಂದ. ಬ್ರಿಟಿಷರಲ್ಲದ ಮಿಶನರಿಗಳೂ ಕಂಪನಿಯ ಸೀಮೆಯಲ್ಲಿ ಕೆಲಸ ಮಾಡುವುದು ಆ ಬಳಿಕ ಸಾಧ್ಯವಾಯಿತು. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರನ್ನು ತಲುಪಿದರು. ಮೊಗ್ಲಿಂಗರು ಬಂದದ್ದು 1836ರ ಕೊನೆಯಲ್ಲಿ. ಆಗ ಅವರ ವಯಸ್ಸು 25.

ಅವರು ಬಂದಿಳಿದ ಕೆಲವೇ ತಿಂಗಳಲ್ಲಿ, 1837ರ ಏಪ್ರಿಲಿನಲ್ಲಿ, ಕೊಡಗು ಮತ್ತು ಸುಳ್ಯದ ಕಡೆಯಿಂದ ಹೊರಟ ಬಂಡಾಯಗಾರರ ದಂಡು ಮಂಗಳೂರನ್ನು ಹೊಕ್ಕಿತು. ಕಂಪನಿಯ ಕಂದಾಯ ನೀತಿಗೆ ಬೇಸತ್ತ ರೈತರ ಸಿಟ್ಟು ಅದರಲ್ಲಿತ್ತು. ತಾವು ಬೋಧಿಸಲು ಬಂದಿರುವ ನಾಡು ನೆಮ್ಮದಿಯ ನಾಡಲ್ಲವೆಂಬುದು ಹೊಸ ಮಿಶನರಿಗಳಿಗೆ ಆರಂಭದಲ್ಲೇ ತಿಳಿಯುವಂತಿತ್ತು. ತಮ್ಮ ಬಿಳಿಯ ಮೈಬಣ್ಣವನ್ನು ನೋಡಿ ಜನರು ತಮ್ಮನ್ನೂ ಸರಕಾರದವರೆಂದು ಎಣಿಸುವರೆಂಬ ಸಂಕಟವೂ ಅವರಿಗಿತ್ತು. ಜರ್ಮನರಾದ ಅವರು ಕಂಪನಿಯ ಸೇವಕರಲ್ಲ. ಆದರೂ ಕಂಪನಿಯ ಕಲೆಕ್ಟರರ ಆಶ್ರಯವಿಲ್ಲದೆ ಅವರಿಗೆ ನೆಲೆಯಿರಲಿಲ್ಲ. ಈ ಇಕ್ಕಟ್ಟು ಕೊನೆಯವರೆಗೂ ಬಗೆಹರಿಯಲಿಲ್ಲ.

ಆ ಕಾಲದ ಮಿಶನರಿಗಳ ಬದುಕಿನಲ್ಲಿ ವರ್ಷಕ್ಕೆ ಎರಡೇ ಋತು. ಮಳೆಗಾಲದಲ್ಲಿ ಕರಾವಳಿಯ ಹೊಳೆಗಳು ತುಂಬಿ ದಾರಿಗಳು ಮುಚ್ಚಿಹೋಗುತ್ತಿದ್ದುದರಿಂದ ಅದು ಓದುವ, ಮುನ್ಷಿಯ ಬಳಿ ಭಾಷೆ ಕಲಿಯುವ, ಬರೆಯುವ ಸಮಯ. ಮಳೆ ನಿಂತು ಗದ್ದೆಯ ಕೊಯ್ಲು ಮುಗಿಯುತ್ತಲೇ ಸಂಚಾರ ಮೊದಲಾಗುತ್ತಿತ್ತು. ಪುಸ್ತಕಗಳ ಪೆಟ್ಟಿಗೆಯನ್ನು ಎತ್ತಿನ ಗಾಡಿಗೆ ಇಲ್ಲವೇ ಕೂಲಿಯವರ ತಲೆಗೆ ಹೊರಿಸಿ, ಉಪದೇಶಿಯೊಬ್ಬನನ್ನು ಜತೆಗೆ ಕರೆದುಕೊಂಡು, ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ ಊರಿಂದೂರಿಗೆ ಸಾಗುವುದು; ಮುಂಜಾನೆ ಒಂದು ಹಳ್ಳಿ, ಸಂಜೆ ಇನ್ನೊಂದು. ಮರದ ಕಟ್ಟೆಯ ಮೇಲೆ ಕುಳಿತು ಮಾತಿಗೆ ತೊಡಗಿದರೆ ಕುತೂಹಲದಿಂದ ಜನ ಸೇರುತ್ತಿದ್ದರು. ಕೆಲವರು ಕೇಳುತ್ತಿದ್ದರು, ಕೆಲವರು ನಗುತ್ತಿದ್ದರು, ಓದಬಲ್ಲವರು ಚಿಕ್ಕ ಪುಸ್ತಕಗಳನ್ನು ಕೊಂಡೊಯ್ಯುತ್ತಿದ್ದರು, ತಿಳಿದವರು ವಾದಕ್ಕಿಳಿಯುತ್ತಿದ್ದರು. ಜಾತ್ರೆಗಳಲ್ಲಿ ಸಾವಿರಾರು ಜನ ಒಂದೆಡೆ ಸಿಕ್ಕುವುದರಿಂದ ಬೋಧಕರು ಅವನ್ನು ತಪ್ಪಿಸುತ್ತಿರಲಿಲ್ಲ. ಹೆಬಿಕ್ಕರಂಥವರು ಅದರಲ್ಲಿಯೇ ಹೆಸರು ಮಾಡಿದರು. ಮುಂದೆ ಕಣ್ಣಾನೂರಿನಲ್ಲಿ ನೆಲೆಸಿದ ಹೆಬಿಕ್ಕರು ಮಲಬಾರಿನ ಉತ್ಸವಗಳಲ್ಲಿ ಕಲ್ಲು, ಧೂಳಿಗೆ ಅಂಜದೆ ನಿಂತು ಗಟ್ಟಿದನಿಯಲ್ಲಿ ಸಾರಿದವರು. ಮೊಗ್ಲಿಂಗರ ರೀತಿ ಅದಲ್ಲ. ಅವರಿಗೆ ವಾದದ ಚಪಲವಿತ್ತು. ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುವ ಕಿವಿಯಿತ್ತು.

ಇಲ್ಲಿ ಒಂದು ಮಾತನ್ನು ಹೇಳಬೇಕು. ಊರೂರು ತಿರುಗಿ ಧರ್ಮವನ್ನು ಹೇಳುವವನು ಕನ್ನಡನಾಡಿಗೆ ಹೊಸಬನಲ್ಲ. ಜಂಗಮನೆಂಬ ಮಾತಿನ ಅರ್ಥವೇ ಚಲಿಸುವವನು ಎಂದು. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ ಹಿಡಿದ ಹರಿದಾಸರು ಬೀದಿಯಲ್ಲಿ ಹಾಡಿದವರು. ಹಾಗಾಗಿ ಪಾದ್ರಿಯ ವೇಷವೂ ಉಚ್ಚಾರವೂ ವಿಚಿತ್ರವೆನಿಸಿದರೂ ಅವನ ವೃತ್ತಿ ಜನರಿಗೆ ವಿಚಿತ್ರವೆನಿಸಲಿಲ್ಲ. ಅವನು ಬಂದದ್ದು ಹಳೆಯ ಸಂಚಾರಿಗಳು ಸವೆಸಿದ ದಾರಿಯಲ್ಲಿಯೇ. ಕೇಳುವವರು ಅವನಿಗೆ ಉತ್ತರವಾಗಿ ಹೇಳುತ್ತಿದ್ದುದು ಶಾಸ್ತ್ರಗ್ರಂಥದ ಸಂಸ್ಕೃತ ಶ್ಲೋಕಗಳಿಗಿಂತ ಹೆಚ್ಚಾಗಿ ಗಾದೆಗಳನ್ನು, ದಾಸರ ಪದಗಳನ್ನು, ಪುರಾಣದ ಕತೆಗಳನ್ನು. ಈ ಜನರೊಡನೆ ಮಾತನಾಡಬೇಕಾದರೆ ಅವರು ಬಾಯಿಪಾಠವಾಗಿ ಇಟ್ಟುಕೊಂಡಿರುವುದನ್ನು ತಾನೂ ಅರಿಯಬೇಕೆಂಬ ಅರಿವು ಮೊಗ್ಲಿಂಗರಿಗೆ ಮೂಡಿದ್ದು ಈ ಸಂಚಾರಗಳಲ್ಲೇ ಎಂದು ನಾನು ತಿಳಿಯುತ್ತೇನೆ. ಅವರ ಸಂಗ್ರಹಗಳ ಸ್ವರೂಪವೇ ಇದಕ್ಕೆ ಸಾಕ್ಷಿ: ಹಳಗನ್ನಡದ ಪ್ರೌಢ ಚಂಪೂಕಾವ್ಯಗಳಿಗಿಂತ ಜನರ ಬಾಯಲ್ಲಿದ್ದ ನಡುಗನ್ನಡದ ಕಾವ್ಯ, ಪದ, ಗಾದೆಗಳೇ ಅವುಗಳಲ್ಲಿ ತುಂಬಿವೆ.

1837ರಲ್ಲಿ ಧಾರವಾಡದಲ್ಲೂ 1839ರಲ್ಲಿ ಹುಬ್ಬಳ್ಳಿಯಲ್ಲೂ ಮಿಶನಿನ ಠಾಣೆಗಳು ಆರಂಭವಾದವು. ಘಟ್ಟದ ಮೇಲಿನ ಆ ಬಯಲುಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೊಗ್ಲಿಂಗರು ಅಲ್ಲಿಯೂ ಕೆಲವು ಕಾಲ ದುಡಿದರು. ಅಲ್ಲಿ ನಡೆದ ಒಂದು ಪ್ರಸಂಗ ಮಿಶನಿನ ಇತಿಹಾಸದಲ್ಲಿಯೇ ವಿಲಕ್ಷಣವಾದುದು. ಕಾಲಜ್ಞಾನದ ಗ್ರಂಥಗಳನ್ನು ನಂಬಿದ ಕೆಲವು ಜನರು ಮಿಶನರಿಗಳನ್ನು ತಾವಾಗಿ ಹುಡುಕಿಕೊಂಡು ಬಂದರು. ಹೊರನಾಡಿನಿಂದ ಗುರುಗಳು ಬರುವರೆಂದು ತಮ್ಮ ಪುಸ್ತಕಗಳಲ್ಲಿ ಮೊದಲೇ ಹೇಳಿದೆಯೆಂಬುದು ಅವರ ನಂಬಿಕೆ. ಬಾಗಿಲು ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಮರಳುತ್ತಿದ್ದ ಬೋಧಕರಿಗೆ ಇದು ದೇವರೇ ಕೊಟ್ಟ ವರವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇವರಿಗಾಗಿ ಬೆಟಗೇರಿಯ ಹತ್ತಿರದ ಮಲಸಮುದ್ರದಲ್ಲಿ ಬೇಸಾಯದ ನೆಲವನ್ನು ಪಡೆದು ಹೊಸ ವಸತಿಯನ್ನು ಕಟ್ಟುವ ಯೋಜನೆಯೂ ನಡೆಯಿತು. ಆದರೆ ಬಂದವರು ನಿಲ್ಲಲಿಲ್ಲ, ನಿಂತವರು ಕಡಿಮೆ. ಎರಡು ಕಡೆಯವರೂ ಒಬ್ಬರ ಮಾತಿನಲ್ಲಿ ಇನ್ನೊಬ್ಬರು ತಮಗೆ ಬೇಕಾದುದನ್ನು ಮಾತ್ರ ಕೇಳಿಸಿಕೊಂಡಿದ್ದರು. ಜನರು ಬೋಧಕನನ್ನು ಕಾಲಜ್ಞಾನದೊಳಗೆ ಸೇರಿಸಿಕೊಳ್ಳಲು ನೋಡಿದರು. ಬೋಧಕನು ಕಾಲಜ್ಞಾನವನ್ನು ತನ್ನ ಸುವಾರ್ತೆಗೆ ಮೆಟ್ಟಿಲು ಮಾಡಿಕೊಳ್ಳಲು ನೋಡಿದನು.

ಮಂಗಳೂರಿಗೆ ಮರಳಿದ ಮೊಗ್ಲಿಂಗರು ಹುಡುಗರ ಶಿಕ್ಷಣವನ್ನು ವಹಿಸಿಕೊಂಡರು. ಊರಿನವರನ್ನೇ ಬೋಧಕರನ್ನಾಗಿ ತಯಾರಿಸದೆ ಈ ಕಾರ್ಯ ಬೇರೂರದೆಂಬ ತಿಳಿವಳಿಕೆ ಅವರಿಗೆ ಬಂದಿತ್ತು. ಬಲ್ಮಠದ ಗುಡ್ಡದ ಮೇಲೆ ವಿದ್ಯಾರ್ಥಿಗಳ ನಡುವೆಯೇ ಇದ್ದು, ಅವರ ಊಟವನ್ನೇ ಉಂಡು, ಸಾಹೇಬರ ಬಂಗಲೆಯ ಬಾಳಿನಿಂದ ಆದಷ್ಟು ದೂರ ನಿಂತು ಕಲಿಸಿದರು. ಇದು ಜತೆಯ ಯುರೋಪಿಯನರೆಲ್ಲರಿಗೂ ರುಚಿಸುವ ಸಂಗತಿಯಾಗಿರಲಿಲ್ಲ.

ಇದೇ ಸಮಯದಲ್ಲಿ ಅಚ್ಚುಕೂಟ ಬಂದಿತು. ಅದರ ಕತೆಯಲ್ಲಿ ಮುಂಬಯಿಯ ಕನ್ನಡಿಗರಾದ ನಮಗೆ ವಿಶೇಷ ಆಸಕ್ತಿಯಿರಬೇಕು. 1841ರಲ್ಲಿ ಮೊಗ್ಲಿಂಗರ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆಯವರು ಮುಂಬಯಿಗೆ ಬಂದು ಕಲ್ಲಚ್ಚಿನ ಯಂತ್ರವನ್ನೂ ಇಬ್ಬರು ಮರಾಠಿ ಮುದ್ರಣಕಾರರನ್ನೂ ಮಂಗಳೂರಿಗೆ ಕರೆದೊಯ್ದರು. ಕಲ್ಲಚ್ಚಿಗೆ ಮೊಳೆಗಳು ಬೇಡ. ಜಿಡ್ಡಿನ ಶಾಯಿಯಲ್ಲಿ ಒಳ್ಳೆಯ ಅಕ್ಷರದ ಲಿಪಿಕಾರನೊಬ್ಬನು ಕಾಗದದ ಮೇಲೆ ಬರೆದರೆ, ಆ ಬರಹವನ್ನು ನುಣುಪಾದ ಕಲ್ಲಿಗೆ ಒತ್ತಿ, ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದಾಗ ಜಿಡ್ಡಿರುವಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಒತ್ತಕ್ಷರಗಳೂ ದೀರ್ಘ, ಕೊಂಬುಗಳೂ ತುಂಬಿದ ಕನ್ನಡಕ್ಕೆ ಮೊಳೆ ಎರಕಹೊಯ್ಯುವುದು ಅಂದು ದುಬಾರಿಯ ಕೆಲಸವಾಗಿದ್ದರಿಂದ ಈ ವಿಧಾನ ಒಪ್ಪಿತು. ಇದರಿಂದಾಗಿ ಆ ಪುಸ್ತಕಗಳ ಪುಟಗಳು ಹಸ್ತಪ್ರತಿಗಳಂತೆಯೇ ಕಾಣುತ್ತವೆ. ಓಲೆಗರಿಗೂ ಮೊಳೆಯಚ್ಚಿಗೂ ನಡುವಣ ಈ ಘಟ್ಟಕ್ಕೆ ನಮ್ಮ ಗ್ರಂಥಸಂಪಾದನಾಶಾಸ್ತ್ರದಲ್ಲಿ ಇನ್ನೂ ತಕ್ಕ ಗಮನ ಸಂದಿಲ್ಲ.

1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂದಿತು. ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ, ಕಲ್ಲಚ್ಚಿನ, ಒಂದು ದುಡ್ಡು ಬೆಲೆಯ ಈ ಪತ್ರಿಕೆ ಕನ್ನಡದ ಮೊದಲ ಪತ್ರಿಕೆ. ಊರಿನ ವರ್ತಮಾನ, ಸರಕಾರದ ಆಜ್ಞೆ, ಅನ್ಯದೇಶದ ಸುದ್ದಿ, ಕತೆ, ನೀತಿ, ಹಾಡು ಎಲ್ಲವೂ ಅದರಲ್ಲಿದ್ದವು. ಇದನ್ನು ಮತಪ್ರಚಾರದ ಕರಪತ್ರವೆಂದು ತಳ್ಳಿಹಾಕುವುದೂ ಶುದ್ಧ ಪತ್ರಿಕೋದ್ಯಮವೆಂದು ಕೊಂಡಾಡುವುದೂ ಸರಿಯಲ್ಲ. ಸಂಚಾರದಲ್ಲಿ ಮರದಡಿ ಕುಳಿತ ಬೋಧಕನ ಸುತ್ತ ಸೇರುತ್ತಿದ್ದ ಜನರು ಮೊದಲು ಕೇಳುತ್ತಿದ್ದುದು ಅವನ ದೇಶ ಯಾವುದು, ಅಲ್ಲಿ ಮಳೆ ಬೆಳೆ ಹೇಗೆ, ರಾಜನಾರು ಎಂಬುದನ್ನು. ಆ ಮಾತುಕತೆಯೇ ಹಾಳೆಯ ಮೇಲೆ ಇಳಿದಂತೆ ಈ ಪತ್ರಿಕೆ ಇದೆ. ಮುಂದೆ, 1844ರಲ್ಲಿ, ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಪತ್ರಿಕೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರನ್ನು ತಾಳಿತು.

ಆ ವರ್ಷದ ಜನವರಿ 6ರಂದು ನಡೆದ ಘಟನೆಯನ್ನು ಮೊಗ್ಲಿಂಗರ ಬಾಳಿನ ತಿರುವು ಎನ್ನಬೇಕು. ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ, ಸಿರಿವಂತ ಸಾರಸ್ವತ ಮನೆತನದ ಆನಂದರಾಯ ಕೌಂಡಿನ್ಯರು ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರು ಕೆರಳಿತು. ಅನೇಕರು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. ಬ್ರಾಹ್ಮಣ ತರುಣರು ಹೀಗೆ ಮನೆ ಬಿಟ್ಟದ್ದು ಮಂಗಳೂರಿಗೆ ಸಣ್ಣ ಮಾತಾಗಿರಲಿಲ್ಲ. ಬೋಧಕನ ಕಣ್ಣಿನಲ್ಲಿ ಅದು ಏಳು ವರ್ಷದ ದುಡಿಮೆಯ ಫಲ.

ಆದರೆ ಆನಂದರಾಯರಿಗೆ ಮದುವೆಯಾಗಿತ್ತು. ಅವರ ಹೆಂಡತಿ ಲಕ್ಷ್ಮಿ ಇನ್ನೂ ಎಳೆಯ ವಯಸ್ಸಿನವಳು. ಗಂಡನ ಬಳಿಗೆ ಬರಲು ಅವಳು ಕೊನೆಯವರೆಗೂ ಒಪ್ಪಲಿಲ್ಲ. ಮಿಶನಿನ ಬರಹಗಳು ಇದನ್ನು ಆನಂದರಾಯರು ಸಹಿಸಿದ ಕಷ್ಟವೆಂದು ಹೇಳುತ್ತವೆ. ಅದು ಸುಳ್ಳಲ್ಲ, ಮನೆ, ಬಂಧುಬಳಗ ಎಲ್ಲವನ್ನೂ ಅವರು ಕಳೆದುಕೊಂಡರು. ಆದರೆ ಆ ಕಾಲದ ಸಾರಸ್ವತ ಮನೆಯೊಂದರಲ್ಲಿ, ಗಂಡನು ಬದುಕಿರುವಾಗಲೇ ಇಲ್ಲದವಳಂತಾದ ಹೆಣ್ಣಿನ ಪಾಡು ಏನಾಗಿರಬಹುದೆಂದು ಓದುಗರು ಊಹಿಸಿಕೊಳ್ಳಬೇಕು. ವರ್ಷಗಳ ಬಳಿಕ ಆ ವಿವಾಹ ರದ್ದಾಗಿ ಆನಂದರಾಯರು 1860ರಲ್ಲಿ ಜರ್ಮನ್ ಮಹಿಳೆ ಮಾರಿ ರೈನ್‌ಹಾರ್ಟರನ್ನು ಮದುವೆಯಾದರು. ಲಕ್ಷ್ಮಿಯ ಮಾತು ಯಾವ ಕಡತದಲ್ಲಿಯೂ ನಮಗೆ ಕೇಳಿಸುವುದಿಲ್ಲ. ಮೊಗ್ಲಿಂಗರ ಬಗೆಗೆ ಗೌರವವಿಟ್ಟುಕೊಂಡೇ ಈ ಮಾತನ್ನು ಬರೆಯುತ್ತಿದ್ದೇನೆ: ಅವರ ದೊಡ್ಡ ಗೆಲುವಿನ ಲೆಕ್ಕದಲ್ಲಿ ಈ ಹೆಣ್ಣುಮಗಳ ಹೆಸರನ್ನೂ ಬರೆಯಬೇಕಾಗುತ್ತದೆ.

ಮೊಗ್ಲಿಂಗರು 1846ರಲ್ಲಿ ಆನಂದರಾಯರನ್ನು ಬಾಸೆಲಿಗೆ ಕರೆದೊಯ್ದರು. ಶಿಷ್ಯನು ಅಲ್ಲಿ ಓದಲು ನಿಂತನು. ಗುರು ಮಂಗಳೂರಿಗೆ ಹಿಂದಿರುಗಿದರು. 1851ರಲ್ಲಿ ಗುರುದೀಕ್ಷೆ ಪಡೆದು ಆನಂದರಾಯರು ಸ್ವದೇಶಕ್ಕೆ ಬಂದರು.

ಈ ನಡುವಣ ವರ್ಷಗಳು ಕನ್ನಡಕ್ಕೆ ಅತ್ಯಂತ ಫಲವತ್ತಾದವು. ನೀಲಗಿರಿಯಲ್ಲಿ ನೆಲೆಸಿದ್ದ ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿ ಕನ್ನಡದ ಪ್ರೇಮಿ. ಕನ್ನಡದ ಹಳೆಯ ಕೃತಿಗಳನ್ನು ಸಂಗ್ರಹಿಸಿ ಅಚ್ಚುಮಾಡಿಸಬೇಕೆಂಬ ಸೂಚನೆಯೂ ಅದಕ್ಕೆ ಬೇಕಾದ ಹಣವೂ ಅವರಿಂದ ಬಂದವು. ಕೆಲಸ ಆರಂಭವಾದ ಮರುವರ್ಷ, 1849ರಲ್ಲಿ, ಅವರು ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. 1848ರಿಂದ ಐದು ವರ್ಷಗಳ ಒಳಗೆ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು, ಯಕ್ಷಗಾನದ ರಾವಣ ದಿಗ್ವಿಜಯ, ಕುಮಾರವ್ಯಾಸ ಭಾರತ ಮತ್ತು ತೊರವೆ ರಾಮಾಯಣದ ಭಾಗಗಳು 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಬಂದವು. ಗಾದೆಗಳ ಸಂಗ್ರಹವೂ ಈ ಕಾಲದ್ದೇ.

ಈ ಪಟ್ಟಿಯನ್ನು ಒಮ್ಮೆ ನಿಂತು ನೋಡಬೇಕು. ಇದರಲ್ಲಿ ಶೈವರದೂ ವೈಷ್ಣವರದೂ ಇದೆ. ಮಠದ ಪುರಾಣವೂ ಬಯಲಿನ ಆಟವೂ ಇದೆ. ಪಂಪ, ರನ್ನರಿಲ್ಲ. ಅವರ ಪ್ರತಿಗಳು ಅಂದು ಸುಲಭವಾಗಿ ಸಿಕ್ಕುತ್ತಿರಲಿಲ್ಲವೆಂಬುದು ಒಂದು ಕಾರಣ. ಜನರ ಮನೆಗಳಲ್ಲಿ ಓದಿಸಿಕೊಳ್ಳುತ್ತಿದ್ದ ಕೃತಿಗಳೇ ಬೋಧಕನಿಗೆ ಬೇಕಾಗಿದ್ದವೆಂಬುದು ಇನ್ನೊಂದು. ತಾನು ಯಾರ ನಂಬಿಕೆಯನ್ನು ಬದಲಿಸಬೇಕೆಂದು ಹೊರಟಿದ್ದನೋ ಅವರ ಗ್ರಂಥಗಳನ್ನು ಪ್ರಚಾರಕನೇ ಅಚ್ಚುಮಾಡಿ ಹಂಚುವುದರಲ್ಲಿ ವಿರೋಧಾಭಾಸವಿದೆಯೆಂದು ಅನೇಕರು ಬರೆದಿದ್ದಾರೆ. ಸ್ವತಃ ಮಿಶನಿನೊಳಗೂ ಇದಕ್ಕಾಗಿ ವ್ಯಯವಾಗುವ ಕಾಲವನ್ನು ಕುರಿತು ಅಸಮಾಧಾನಕ್ಕೆ ಎಡೆಯಿತ್ತು. ಮೊದಲಲ್ಲಿ ಉದ್ದೇಶ ಸರಳವೇ: ಎದುರಾಳಿಯ ಮನಸ್ಸನ್ನು ಅರಿಯುವುದು, ಹೊಸ ಬೋಧಕರಿಗೆ ಒಳ್ಳೆಯ ಕನ್ನಡವನ್ನು ಕಲಿಸುವುದು. ಆದರೆ ಲಕ್ಷ್ಮೀಶನನ್ನೂ ದಾಸರನ್ನೂ ವರ್ಷಗಟ್ಟಲೆ ತಿದ್ದಿ, ಬರೆಸಿ, ಹೋಲಿಸಿ ನೋಡಿದವನಿಗೆ ಅವು ಬರಿಯ ಸಾಧನಗಳಾಗಿ ಉಳಿಯುವುದು ಕಷ್ಟ. ದಾಸರ ಪದಗಳ ಸಂಗತಿಯಂತೂ ಸ್ವಾರಸ್ಯದ್ದು. ಬೀದಿಯಲ್ಲಿ ಹಾಡುತ್ತ ಬಂದವರ ಪದಗಳನ್ನು ಬೀದಿಯಲ್ಲಿ ಬೋಧಿಸುತ್ತ ಬಂದವನೊಬ್ಬನು 1850ರಲ್ಲಿ ಪುಸ್ತಕದ ಪುಟಕ್ಕೆ ತಂದನು. ಬಳಿಕ ಅವುಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ಅನುವಾದಿಸಿ 1860ರಲ್ಲಿ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದನು.

1852ರ ವೇಳೆಗೆ ಅವರ ಆರೋಗ್ಯ ಕುಸಿದಿತ್ತು. ಮಿಶನಿನ ಆಡಳಿತದೊಡನೆ ಭಿನ್ನಾಭಿಪ್ರಾಯಗಳೂ ಇದ್ದವು. ಊರಿಗೆ ಮರಳುವ ಯೋಚನೆಯಲ್ಲಿದ್ದಾಗ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯ ಎಂಬವನು ಮಂಗಳೂರಿಗೆ ಬಂದು 1853ರ ಆರಂಭದಲ್ಲಿ ಸ್ತೆಫಾನನೆಂಬ ಹೆಸರಿನಿಂದ ಕ್ರೈಸ್ತನಾದನು. ತನ್ನ ಊರಿಗೆ ಒಬ್ಬನೇ ಮರಳಿದರೆ ಬಂಧುಗಳು ಬಾಳಗೊಡರೆಂಬ ಭಯ ಅವನಿಗಿತ್ತು. ಮೊಗ್ಲಿಂಗರು ಹಡಗಿನ ಯೋಚನೆಯನ್ನು ಬಿಟ್ಟು ಅವನ ಜತೆಗೆ ಘಟ್ಟ ಹತ್ತಿದರು. ಮಿಶನಿನ ಅಪ್ಪಣೆ ಇರಲಿಲ್ಲ. ಸಂಬಳದ ಭರವಸೆಯೂ ಇರಲಿಲ್ಲ. ಒಬ್ಬ ಮನುಷ್ಯನಿಗಾಗಿ ಹೊಸ ನಾಡಿನಲ್ಲಿ ಎಲ್ಲವನ್ನೂ ಮೊದಲಿನಿಂದ ತೊಡಗಿದ ಈ ನಿರ್ಧಾರದಲ್ಲಿ ಮೊಗ್ಲಿಂಗರ ಸ್ವಭಾವ ಅವರ ಎಲ್ಲ ಪುಸ್ತಕಗಳಿಗಿಂತ ಚೆನ್ನಾಗಿ ಕಾಣುತ್ತದೆಂದು ನನ್ನ ಎಣಿಕೆ.

ಕೊಡವರಲ್ಲಿ ಅವರ ಬೋಧನೆಗೆ ಹೆಚ್ಚು ಮಂದಿ ಒಲಿಯಲಿಲ್ಲ. ಅವರ ಕಡೆಗೆ ಬಂದವರು ಒಡೆಯರ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತಕ್ಕೆ ಬಿದ್ದಿದ್ದ ಹೊಲೆಯ ಸಮುದಾಯದ ಬಡವರು. ಇವರಿಗೆ ಉಪದೇಶಕ್ಕಿಂತ ಮೊದಲು ಬೇಕಾದುದು ಒಡೆಯನಿಲ್ಲದ ನೆಲ. ಆನಂದರಾಯರು ತಮ್ಮ ಹಣವನ್ನು ತೊಡಗಿಸಿ ಸಿದ್ದಾಪುರದ ಬಳಿ ಕಾಡುಭೂಮಿಯನ್ನು ಪಡೆದರು. ಅಲ್ಲಿ ಕಾಫಿತೋಟ, ಮನೆಗಳು, ಶಾಲೆ, ಪ್ರಾರ್ಥನಾಮಂದಿರ ಎದ್ದವು. ಆ ವಸತಿ ಅವರ ಹೆಸರಿನಿಂದಲೇ ಆನಂದಪುರವೆನಿಸಿತು. ಮಲಸಮುದ್ರದಲ್ಲಿ ಕೈಗೂಡದ ಯೋಜನೆ ಇಲ್ಲಿ ಬೇರೊಂದು ಜನದೊಡನೆ ಕೈಗೂಡಿತೆನ್ನಬಹುದು. ಮಂಗಳೂರಿನ ಬ್ರಾಹ್ಮಣ ಮನೆತನದ ಸಂಪತ್ತು ಕೊಡಗಿನ ಜೀತದಾಳುಗಳ ವಸತಿಯಾದ ಈ ಸಂಗತಿ ಹತ್ತೊಂಬತ್ತನೆಯ ಶತಮಾನದ ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ಇನ್ನಷ್ಟು ವಿವರವಾದ ಅಧ್ಯಯನಕ್ಕೆ ಕಾಯುತ್ತಿದೆ. ಮತಾಂತರದ ಪ್ರಶ್ನೆಯನ್ನು ಮಂಗಳೂರಿನ 1844ರ ಗಲಭೆಯಿಂದ ನೋಡಿದರೆ ಒಂದು ಬಗೆ, ಆನಂದಪುರದ ತೋಟದಿಂದ ನೋಡಿದರೆ ಇನ್ನೊಂದು ಬಗೆ.

ಸಂಚಾರಿಗೆ ಸಹಜವಾದ ಕುತೂಹಲದಿಂದ ಮೊಗ್ಲಿಂಗರು ಕೊಡಗಿನ ಇತಿಹಾಸ, ಹಾಲೇರಿ ಅರಸರ ವೃತ್ತಾಂತ, ಜನರ ನಡೆನುಡಿಗಳನ್ನು ಕಲೆಹಾಕಿ 1855ರಲ್ಲಿ 'ಕೂರ್ಗ್ ಮೆಮಾಯರ್ಸ್' ಎಂಬ ಇಂಗ್ಲಿಷ್ ಗ್ರಂಥವನ್ನು ಬೆಂಗಳೂರಿನಲ್ಲಿ ಅಚ್ಚುಹಾಕಿಸಿದರು. ಕೊಡಗು ಕಂಪನಿಯ ವಶವಾಗಿ ಆಗ 21 ವರ್ಷಗಳಾಗಿದ್ದವಷ್ಟೆ. ಕೊನೆಯ ಅರಸನ ಆಳ್ವಿಕೆಯನ್ನು ಕಂಡವರು ಇನ್ನೂ ಇದ್ದರು. ಅರಸನ ಕ್ರೌರ್ಯವನ್ನು ಬಣ್ಣಿಸುವಾಗ ಲೇಖಕರು ಕಂಪನಿಯ ಪಕ್ಷಪಾತಿಯಾಗುತ್ತಾರೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಕನ್ನಡ ಸಾಹಿತ್ಯದ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡಕ್ಕಾಗಿ ಸಂದ ಮೊದಲ ಗೌರವ ಡಾಕ್ಟರೇಟ್ ಇದೇ. ಆಗ ಕನ್ನಡನಾಡಿನಲ್ಲಿ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಈ ಹೊತ್ತಿಗೆ ಮೊಗ್ಲಿಂಗರು ಗೃಹಸ್ಥರಾಗಿದ್ದರು. ಮುಂಬಯಿಯಿಂದ ಯಂತ್ರ ತಂದ ಗೆಳೆಯ ವೈಗ್ಲೆ ತೀರಿಕೊಂಡ ಮೇಲೆ ಅವರ ವಿಧವೆ ಪೌಲಿನಾ ಅವರನ್ನು ಮೊಗ್ಲಿಂಗರು ಕೈಹಿಡಿದಿದ್ದರು. ಆಕೆಯ ಅನಾರೋಗ್ಯದ ಕಾರಣ 1860ರಲ್ಲಿ ಅವರು ಭಾರತವನ್ನು ಬಿಟ್ಟರು. ಮತ್ತೆ ಬರಲಾಗಲಿಲ್ಲ. ಭಾರತದಲ್ಲಿ ಅವರು ಕಳೆದ ಕಾಲ ಹೆಚ್ಚು ಕಡಿಮೆ ಇಪ್ಪತ್ತನಾಲ್ಕು ವರ್ಷ. ಅವರ ಬೋಧನೆಯಿಂದ ಕ್ರೈಸ್ತರಾದವರ ಸಂಖ್ಯೆ ಆ ಶ್ರಮಕ್ಕೆ ಹೋಲಿಸಿದರೆ ದೊಡ್ಡದಲ್ಲ.

1853ರಲ್ಲಿ ಬಂದಿದ್ದ ತರುಣ ಫರ್ಡಿನಾಂಡ್ ಕಿಟೆಲ್ಲರ ಕೈಗೆ ಕನ್ನಡದ ಕೆಲಸ ಹೋಗಿತ್ತು. ಕಿಟೆಲ್ಲರು ಸಂಚಾರಕ್ಕಿಂತ ಮೇಜಿನ ಮುಂದೆ ಹೆಚ್ಚು ಕಾಲ ಕಳೆದವರು; 1894ರಲ್ಲಿ ಹೊರಬಂದ ಅವರ ನಿಘಂಟು ಆ ತಪಸ್ಸಿನ ಫಲ. ಆ ನಿಘಂಟಿನಲ್ಲಿ ಶಬ್ದಗಳ ಜತೆಗೆ ಗಾದೆಗಳು ಹಾಸುಹೊಕ್ಕಾಗಿರುವುದನ್ನು ಕಂಡಾಗ ಹಿಂದಿನವರು ಸಂತೆ, ಜಾತ್ರೆಗಳಲ್ಲಿ ಕಿವಿಗೊಟ್ಟು ಕೂಡಿಸಿದ ಬಂಡವಾಳ ನೆನಪಾಗುತ್ತದೆ.

ಸ್ವದೇಶದಲ್ಲಿ ಮೊಗ್ಲಿಂಗರು 1866ರಲ್ಲಿ ಕೊಡಗನ್ನು ಕುರಿತು ಜರ್ಮನ್ ಭಾಷೆಯಲ್ಲಿ ಪುಸ್ತಕವೊಂದನ್ನು ಬಾಸೆಲಿನಿಂದ ಪ್ರಕಟಿಸಿದರು. 1870ರ ದಶಕದ ಮೊದಲ ವರ್ಷಗಳಲ್ಲಿ ಜೈಮಿನಿ ಭಾರತದ ಕೆಲವು ಸಂಧಿಗಳನ್ನು ಜರ್ಮನ್ ಭಾಷೆಗೆ ತಂದರು. ಆಗ ಅವರಿಗೆ ಯಾರನ್ನೂ ಮತಾಂತರಿಸುವ ಅವಕಾಶವಿರಲಿಲ್ಲ. ಲಕ್ಷ್ಮೀಶನ ಓದು ವ್ಯೂರ್ಟೆಂಬರ್ಗಿನಲ್ಲಿ ಯಾವ ಮಿಶನಿನ ಕೆಲಸಕ್ಕೂ ಒದಗುವಂತಿರಲಿಲ್ಲ. ಆದರೂ ಅರವತ್ತರ ವಯಸ್ಸಿನಲ್ಲಿ, ಸುತ್ತಮುತ್ತ ಕನ್ನಡ ಬಲ್ಲವರಿಲ್ಲದ ಕಡೆ, ಅವರು ಷಟ್ಪದಿಗಳ ಮುಂದೆ ಕುಳಿತಿದ್ದರು. 1881ರ ಮೇ 10ರಂದು ಎಸ್‌ಲಿಂಗನ್ ಊರಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದವರು ಹಳೆಯ ಗೆಳೆಯ, ಮಲಯಾಳಂ ಭಾಷೆಯ ಪಂಡಿತ ಹರ್ಮನ್ ಗುಂಡರ್ಟರು. ಆನಂದರಾಯ ಕೌಂಡಿನ್ಯರು ಗುರುವಿನ ಬಳಿಕ ಇನ್ನೂ ಹನ್ನೆರಡು ವರ್ಷ ಬಾಳಿ 1893ರಲ್ಲಿ ನಿಧನ ಹೊಂದಿದರು.